ಜ್ವರ ಬಂದೋರಿಗೆ ಮಲಗೋ ಹಕ್ಕು ಬೇಕು

ನಮ್ ಮಂಡ್ಯ ಮೈಸೂರು ಕಡೆ ಎರಡು ದಿನದ ಜ್ವರಕ್ಕೂ ಜನ ಇಂಜೆಕ್ಷನ್ನೇ ಬೇಕು ಅಂತ ಯಾಕೆ ಹಠ ಹಿಡೀತಾರೆ ಅಂತ ಕೇಳಿದ್ರೆ ಓದಿದೋರೆಲ್ಲ ಕೊಡೋ ಉತ್ತರ ಒಂದೇ, ಜನಕ್ಕೆ ತಿಳುವಳಿಕೆ ಇಲ್ಲ ಅಂತ. ನಾನಿದನ್ನ ಒಪ್ಪಲ್ಲ. ಜರ್ಮನಿಲಿ ಸ್ಟುಟ್‌ಗಾರ್ಟ್ ಹತ್ರ ಒಂದು ಕಂಪನೀಲಿ ಕೆಲಸ ಮಾಡ್ಕೊಂಡು ಅಲ್ಲೇ ಸಂಸಾರ ಹೂಡಿ ವರ್ಷಗಳಾದ್ವು, ರಜಕ್ಕೆ ಊರಿಗೆ ಬಂದಾಗೆಲ್ಲ ಅವ್ವನ ಕರ್ಕೊಂಡು ಇಲ್ಲಿನ ಕ್ಲಿನಿಕ್ಕು, ಲ್ಯಾಬು, ಮೆಡಿಕಲ್ ಸ್ಟೋರು ಅಂತ ಸುತ್ತಿದೀನಿ, ಅಲ್ಲಿ ನನಗೂ ಹೆಂಡ್ತಿ ಮಕ್ಕಳಿಗೂ ಹುಷಾರಿಲ್ದಾಗ ಅಲ್ಲಿನ ಡಾಕ್ಟರ್ ಮುಂದೆ ಕೂತಿದೀನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ನಮ್ಮ ಜನಕ್ಕೆ ತಿಳುವಳಿಕೆ ಬೇಕಾದಷ್ಟಿದೆ, ಇಲ್ದೇ ಇರೋದು ರಜೆ. ಜ್ವರ ಬಂದ್ರೆ ಗಂಜಿ ಕುಡ್ದು ಮಲಗ್ಬೇಕು ಅಂತ ನಮ್ಮಜ್ಜಿಗೂ ಗೊತ್ತಿತ್ತು. ಮಲಗಿದ್ರೆ ಆ ದಿನದ ದುಡ್ಡು ಯಾರು ಕೊಡ್ತಾರೆ ಅನ್ನೋದಕ್ಕೆ ಮಾತ್ರ ಇವತ್ತಿಗೂ ಉತ್ತರ ಇಲ್ಲ.

ಮೊದ್ಲು ಅಲ್ಲಿ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಚಳಿಗಾಲದಲ್ಲಿ ಜ್ವರ ಕೆಮ್ಮು ಬಂತು ಅಂತ ಇಟ್ಕೊಳ್ಳಿ, ಮೊದಲು ಹೋಗೋದು ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್ ಹತ್ರ. ಎದೆ ಮೇಲೆ ಸ್ಟೆತೊಸ್ಕೋಪ್ ಇಟ್ಟು, ಗಂಟಲು ನೋಡಿ, ವೈರಲ್ಲು, ಚೆನ್ನಾಗಿ ನಿದ್ದೆ ಮಾಡಿ, ಬಿಸಿಬಿಸಿ ಟೀ ಕುಡೀರಿ, ಒಂದು ವಾರ ಕೆಲಸಕ್ಕೆ ಹೋಗ್ಬೇಡಿ ಅಂತ ಕಳಿಸ್ತಾರೆ. ಇಂಜೆಕ್ಷನ್ ಇಲ್ಲ, ಆಂಟಿಬಯೋಟಿಕ್ ಇಲ್ಲ. ನಮ್ಮ ಕಡೆಯಿಂದ ಹೊಸದಾಗಿ ಬಂದ ಹುಡುಗ್ರು ಇದೇನು ಡಾಕ್ಟ್ರಪ್ಪ, ಒಂದು ಮಾತ್ರೆ ಬರ್ಕೊಡೋಕೂ ಆಗಲ್ವಾ ಅಂತ ಬೇಜಾರಾಗ್ತಾರೆ. ಆದ್ರೆ ಆ ಡಾಕ್ಟರ್ ಬರ್ಕೊಟ್ಟಿರೋದು ಆ ಒಂದು ವಾರ. ಅದೇ ಔಷಧಿ.

ಯಾಕಂದ್ರೆ ಆ ವಾರದ ಸಂಬಳ ಒಂದು ಪೈಸೆ ಕಟ್ ಆಗಲ್ಲ. ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿದ್ರೆ ಸಾಕು, ಕಾಯಿಲೆ ಬಿದ್ರೆ ಆರು ವಾರದ ತನಕ ಪೂರ್ತಿ ಸಂಬಳ ಕಂಪನೀನೇ ಕೊಡ್ಬೇಕು, ಕಾನೂನು. ಆರು ವಾರ ದಾಟಿದ್ರೆ ಆರೋಗ್ಯ ವಿಮೆಯೋರು ಸಂಬಳದ ಶೇಕಡ 70ರಷ್ಟು ಕೊಡ್ತಾರೆ, ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೆ. ಡಾಕ್ಟರ್ ಕೊಡೋ ರಜೆ ಚೀಟಿ ಈಗ ಕಾಗದದಲ್ಲಿ ಒಯ್ದು ಕೊಡೋದೂ ಇಲ್ಲ, 2023ರಿಂದ ಕಂಪ್ಯೂಟರಲ್ಲೇ ವಿಮೆ ಸಂಸ್ಥೆಗೆ ಹೋಗುತ್ತೆ, ಕಂಪನಿಯೋರು ಅಲ್ಲಿಂದ ತಗೋತಾರೆ. ಮೊದಲೇ ಗೊತ್ತಿರೋ ಪೇಷಂಟ್ ಆಗಿದ್ರೆ ಸಣ್ಣಪುಟ್ಟದಕ್ಕೆ ಫೋನಲ್ಲೇ ಐದು ದಿನದ ತನಕ ಚೀಟಿ ಕೊಡಬಹುದು. ನನಗೆ ಬಹಳ ಇಷ್ಟ ಆಗೋದು ಇನ್ನೊಂದು, ಕಂಪನಿಗೆ ಹೋಗೋ ಚೀಟೀಲಿ ಎಷ್ಟು ದಿನ ಅಂತ ಮಾತ್ರ ಇರುತ್ತೆ, ಏನು ಕಾಯಿಲೆ ಅಂತ ಇರಲ್ಲ. ನಿಮಗೆ ಮೂಲವ್ಯಾಧಿಯೋ ಮನಸ್ಸಿಗೆ ಸಂಬಂಧಪಟ್ಟಿದ್ದೋ ಗರ್ಭ ಹೋಗಿದ್ದೋ, ಅದು ಮ್ಯಾನೇಜರ್‌ಗೆ ಬೇಡದ ವಿಷಯ. ರಜಕ್ಕೆ ಅಂತ ಹೋಗಿದ್ದಾಗ ಕಾಯಿಲೆ ಬಿದ್ರೆ, ಚೀಟಿ ತೋರಿಸಿದ್ರೆ ಆ ದಿನಗಳ ರಜೆ ನಿಮ್ಮ ಲೆಕ್ಕಕ್ಕೆ ವಾಪಸ್ ಬರುತ್ತೆ. ಮಗೂಗೆ ಹುಷಾರಿಲ್ಲ ಅಂದ್ರೆ ಅದಕ್ಕೇ ಅಂತ ಬೇರೆ ದಿನಗಳಿವೆ, ಅಪ್ಪಂಗೂ ಇದೆ ಅಮ್ಮಂಗೂ ಇದೆ, 2024ರಲ್ಲಿ ಒಬ್ಬೊಬ್ಬರಿಗೆ ಒಂದು ಮಗುವಿಗೆ 15 ದಿನ ಅಂತ ಮಾಡಿದ್ರು.

ಈಗ ಮಂಡ್ಯ. ಹೋದ ಸಲ ಬಂದಾಗ ಅವ್ವನ ಶುಗರ್ ತೋರಿಸೋಕೆ ಒಂದು ಕ್ಲಿನಿಕ್‌ಗೆ ಸಂಜೆ ಹೊತ್ತು ಕರ್ಕೊಂಡು ಹೋಗಿದ್ದೆ. ಒಳಗೆ ಡಾಕ್ಟರ್ ಟೇಬಲ್ಲಿಗೂ ಹೊರಗೆ ನಾವು ಕೂತಿರೋ ಬೆಂಚಿಗೂ ನಡುವೆ ಒಂದು ಹಸಿರು ಕರ್ಟನ್ ಅಷ್ಟೆ, ಹಾಗಾಗಿ ಎಲ್ಲ ಕೇಳಿಸುತ್ತೆ. ನಮ್ಮ ಮುಂದೆ ಇದ್ದೋರು ಗಾರ್ಮೆಂಟ್ಸ್ ಕೆಲಸದ ಹೆಣ್ಮಗಳು, ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇತ್ತು, ಕೈಲಿ ಊಟದ ಡಬ್ಬಿ ಬ್ಯಾಗು, ಮನೆಗೂ ಹೋಗದೆ ಬಸ್ ಇಳಿದು ನೇರ ಬಂದಿದ್ರು ಅಂತ ಕಾಣುತ್ತೆ.

"ಏನವ್ವಾ, ಎಷ್ಟು ದಿನದಿಂದ?"

"ಮೂರು ದಿನಾಯ್ತು ಸಾ. ಮಾತ್ರೆ ನುಂಗ್ಕೊಂಡೇ ಓಯ್ತಿದ್ದೆ. ಇವತ್ತು ಮಿಷನ್ ಮುಂದೆ ಕೂತಿದ್ದಂಗೇ ಕಣ್ಣು ಕತ್ಲೆ ಕಟ್ಟುಬುಡ್ತು."

"ಎರಡು ದಿನ ಮನೇಲಿರು, ರೆಸ್ಟ್ ತಗೋ."

"ರೆಸ್ಟ್ ಎಲ್ಲಾದಾದು ಸಾ. ಒಂದು ದಿನ ತಪ್ಪುದ್ರೆ ಅಟೆಂಡೆನ್ಸ್ ದುಡ್ಡು ಪೂರಾ ಓಯ್ತದೆ, ಸೂಪರ್‌ವೈಸರ್ ಬೇರೆ ಬಾಯಿಗೆ ಬಂದಂಗೆ ಅಂತಾನೆ. ಒಂದು ಇಂಜೆಕ್ಷನ್ ಹಾಕ್ಬುಡಿ ಸಾ, ನಾಳಿಕೆ ಎದ್ದು ಓಗಂಗಾದ್ರೆ ಸಾಕು."

ಇಂಜೆಕ್ಷನ್ ಹಾಕಿದ್ರು. ನಮ್ಮ ಸರದಿ ಬಂದಾಗ ಡಾಕ್ಟರ್ ಅವ್ವನ ಬಿಪಿ ನೋಡ್ತಾ, ನಾನು ಹೊರಗಿಂದ ಬಂದೋನು ಅಂತ ಗೊತ್ತಿರೋದ್ರಿಂದ ಅವರೇ ಹೇಳಿದ್ರು, ನಾನು ಹಾಕ್ಲಿಲ್ಲ ಅಂದ್ರೆ ಪಕ್ಕದ ರೋಡಲ್ಲಿ ಹಾಕ್ತಾರೆ, ಅದೂ ಇಲ್ಲಾಂದ್ರೆ ಮೆಡಿಕಲ್ ಸ್ಟೋರಲ್ಲಿ ಕೇಳಿ ಸ್ಟ್ರಾಂಗ್ ಆಗಿರೋದೇನಾದ್ರೂ ತಗೊಂಡು ನುಂಗ್ತಾರೆ, ನನ್ನ ಕೈಯಲ್ಲಾದ್ರೆ ಏನು ಹಾಕ್ತಿದೀನಿ ಅಂತ ನನಗೆ ಗೊತ್ತಿರುತ್ತೆ ಅಂತ. ಆ ಡಾಕ್ಟರನ್ನ ನಾನು ಹೇಗೆ ಬೈಲಿ. ಅವರು ರೆಸ್ಟ್ ಬರೆದರು, ಆ ಪ್ರಿಸ್ಕ್ರಿಪ್ಷನ್‌ಗೆ ಕೊಡೋ ಅಂಗಡಿ ಊರಲ್ಲಿ ಎಲ್ಲೂ ಇಲ್ಲ.

ಆಂಟಿಬಯೋಟಿಕ್ ವಿಷಯವೂ ಇದೇ ದಾರಿ. ಡಾಕ್ಟರ್ ಚೀಟಿ ಇಲ್ದೆ ಕೊಡಬಾರದು ಅಂತ ನಮ್ಮಲ್ಲಿ ಕಾನೂನು ಇಲ್ವಾ, ಇದೆ. ಶೆಡ್ಯೂಲ್ ಎಚ್ ಅಂತ ಅಂಥ ಔಷಧಿಗಳ ಪಟ್ಟಿನೇ ಇದೆ, ಅದರ ಮೇಲೆ 2014ರಿಂದ ಎಚ್1 ಅಂತ ಇನ್ನೂ ಬಿಗಿ ಮಾಡಿ, ತಗೊಂಡೋರ ಹೆಸರು ಡಾಕ್ಟರ್ ಹೆಸರು ರಿಜಿಸ್ಟರಲ್ಲಿ ಬರೀಬೇಕು ಅಂದ್ರು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಹಾಕಿ ಜಾಹೀರಾತು ಮಾಡಿದ್ರು. ಎಲ್ಲ ಒಳ್ಳೇದೇ. ಆದ್ರೂ ಸಂಜೆ ಏಳು ಗಂಟೆಗೆ ಯಾವುದೇ ಸರ್ಕಲ್‌ನ ಮೆಡಿಕಲ್ ಸ್ಟೋರ್ ಮುಂದೆ ಹತ್ತು ನಿಮಿಷ ನಿಂತ್ಕೊಳ್ಳಿ, ಗಂಟಲು ನೋವು ಅಂದೋರಿಗೆ ಎರಡು ಹೊತ್ತಿಗೆ ನಾಲ್ಕು ಮಾತ್ರೆ ಕತ್ತರಿಸಿ ಕೊಡೋದು ನಿಮಗೇ ಕಾಣುತ್ತೆ. ಕೋರ್ಸ್ ಪೂರ್ತಿ ಮಾಡೋ ಪ್ರಶ್ನೆನೇ ಇಲ್ಲ, ನಾಲ್ಕು ಮಾತ್ರೇಲಿ ಜ್ವರ ಇಳಿದ್ರೆ ಕೆಲಸಕ್ಕೆ ಹೋಗೋದು, ಉಳಿದ ರೋಗಾಣು ಮಾತ್ರೆಗೆ ಬಗ್ಗದ ಹಾಗೆ ಗಟ್ಟಿಯಾಗೋದು. ವೈರಲ್ ಜ್ವರಕ್ಕಂತೂ ಆ ಮಾತ್ರೆ ಕೆಲಸವೇ ಮಾಡಲ್ಲ, ಜ್ವರ ತಾನಾಗೇ ಇಳಿಯುತ್ತೆ, ಹೆಸರು ಮಾತ್ರೆಗೆ. ಮುಂದೆ ಒಂದು ದಿನ ನಿಜವಾಗ್ಲೂ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದಾಗ ಯಾವ ಆಂಟಿಬಯೋಟಿಕ್ಕೂ ಹತ್ತಲ್ಲ ಅಂದ್ರೆ ಅದಕ್ಕೆ ಮೆಡಿಕಲ್ ಸ್ಟೋರ್ ಹುಡುಗನ್ನ ಮಾತ್ರ ಹಿಡಿದ್ರೆ ಆಗಲ್ಲ, ಒಂದು ದಿನ ಮಲಗೋಕೆ ಬಿಡದ ಕೆಲಸದ ಪದ್ಧತೀನೂ ಹಿಡೀಬೇಕು.

ಇಎಸ್ಐ, ಅಂದ್ರೆ ಕಾರ್ಮಿಕರ ವಿಮೆ, ಇದ್ಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ, ಅದರ ಬಗ್ಗೆ ನನಗೆ ದೊಡ್ಡ ಗೌರವನೂ ಇದೆ. ಸ್ವಾತಂತ್ರ್ಯ ಬಂದ ಮರುವರ್ಷನೇ, 1948ರಲ್ಲೇ, ಕೈಲಿ ದುಡ್ಡಿಲ್ಲದ ದೇಶ ಕಾಯಿಲೆ ಬಿದ್ದ ಕಾರ್ಮಿಕನಿಗೆ ಸಂಬಳದ ಭಾಗ ಕೊಡ್ಬೇಕು ಅಂತ ಕಾನೂನು ಮಾಡ್ತು ಅಂದ್ರೆ ಸಣ್ಣ ಮಾತಲ್ಲ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದೋರಿಗೆ ಅನ್ವಯ, ಕಾರ್ಮಿಕನ ಸಂಬಳದಿಂದ ಶೇಕಡ 0.75, ಮಾಲೀಕರಿಂದ ಶೇಕಡ 3.25 ಕಟ್ತಾರೆ, ಹುಷಾರಿಲ್ಲ ಅಂದ್ರೆ ಸಂಬಳದ ಶೇಕಡ 70ರಂತೆ ವರ್ಷದಲ್ಲಿ 91 ದಿನದವರೆಗೆ ಸಿಗುತ್ತೆ. ಇಷ್ಟು ಕೇಳಿದ್ರೆ ಜರ್ಮನಿಗೇನು ಕಮ್ಮಿ ಅನ್ಸುತ್ತೆ. ಆದ್ರೆ ಒಳಗೊಂದು ಷರತ್ತು ಇದೆ, ಕಾಯಿಲೆಯ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಒಂದು ಸಲ ಹುಷಾರಿಲ್ದೆ ಆಗಿ 15 ದಿನದೊಳಗೆ ಮತ್ತೆ ಬಿದ್ರೆ ಮಾತ್ರ ವಿನಾಯಿತಿ. ಅಂದ್ರೆ ಮೂರು ದಿನದ ವೈರಲ್ ಜ್ವರಕ್ಕೆ ಒಂದು ದಿನದ ದುಡ್ಡು, ಅದೂ ನೂರಕ್ಕೆ ಎಪ್ಪತ್ತು. ಎರಡು ದಿನದ ಜ್ವರಕ್ಕೆ ಸೊನ್ನೆ. ಅದಕ್ಕೂ ಇಎಸ್ಐ ಡಾಕ್ಟರ್ ಸರ್ಟಿಫಿಕೇಟೇ ಆಗ್ಬೇಕು, ಸಂಜೆ ಬಸ್ ಇಳಿದು ಕ್ಲಿನಿಕ್‌ಗೆ ಹೋದ್ರೆ ಆ ಚೀಟಿ ನಡೆಯಲ್ಲ. ಕ್ಲಿನಿಕ್ಕಲ್ಲಿ ನೋಡಿದ ಆ ಹೆಣ್ಮಗಳು ಡಾಕ್ಟರ್ ಮಾತು ಕೇಳಿ ಎರಡು ದಿನ ಮನೇಲಿ ಇದ್ದಿದ್ರೂ ಇಎಸ್ಐಯಿಂದ ಒಂದು ರೂಪಾಯಿ ಬರ್ತಿರ್ಲಿಲ್ಲ, ಲೆಕ್ಕ ಅವರಿಗೆ ಸರಿಯಾಗೇ ಗೊತ್ತಿತ್ತು.

ಜರ್ಮನಿಯಲ್ಲೂ ಈ ಕಾಯೋ ದಿನ ಇತ್ತು ಅನ್ನೋದನ್ನ ಇಲ್ಲಿ ಹೇಳ್ಲೇಬೇಕು, ಅಲ್ಲಿ ಎಲ್ಲ ಆಕಾಶದಿಂದ ಉದುರಿದ್ದಲ್ಲ. 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಆರೋಗ್ಯ ವಿಮೆ ಕಾನೂನು ಬಂದಾಗ ಕಾರ್ಮಿಕರಿಗೆ ಮೊದಲ ದಿನಗಳಿಗೆ ದುಡ್ಡು ಇರ್ಲಿಲ್ಲ, ಆಮೇಲೆ ಕೊಡೋದೂ ಅರ್ಧ ಕೂಲಿ. ಆಫೀಸಲ್ಲಿ ಕುರ್ಚಿ ಮೇಲೆ ಕೂತು ಮಾಡೋ ನೌಕರರಿಗೆ ಆರು ವಾರದ ಸಂಬಳ ಎಷ್ಟೋ ಮುಂಚೆನೇ ಸಿಕ್ತು, ಮಿಷನ್ ಮುಂದೆ ನಿಲ್ಲೋರಿಗೆ ಸಿಗ್ಲಿಲ್ಲ. 1956ರ ಅಕ್ಟೋಬರ್‌ನಲ್ಲಿ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಲೋಹ ಕಾರ್ಮಿಕರು, ಹಡಗು ಕಟ್ಟೋ ಕಡೆ ಕೆಲಸ ಮಾಡೋರು ಬಹಳ ಜನ, ನಮಗೂ ಅದೇ ಬೇಕು ಅಂತ ಮುಷ್ಕರ ಹೂಡಿದ್ರು. 114 ದಿನ ನಡೀತು, ಚಳಿಗಾಲ ಪೂರ್ತಿ, ಮಧ್ಯ ಕ್ರಿಸ್‌ಮಸ್ಸೂ ಹೋಯ್ತು. 1957ರಲ್ಲಿ ಕಾನೂನು ಸ್ವಲ್ಪ ಬದಲಾಯ್ತು, ಕಾಯೋ ದಿನ ಹಂತ ಹಂತವಾಗಿ ಇಳೀತು, 1970ರ ಜನವರಿಯಿಂದ ಕೂಲಿ ಕಾರ್ಮಿಕರಿಗೂ ಮೊದಲ ದಿನದಿಂದಲೇ ಆರು ವಾರ ಪೂರ್ತಿ ಸಂಬಳ ಅಂತಾಯ್ತು. ನಾನಿವತ್ತು ಅಲ್ಲಿ ಜ್ವರ ಬಂದ್ರೆ ಧೈರ್ಯವಾಗಿ ಹೊದ್ದು ಮಲಗ್ತೀನಲ್ಲ, ಅದು ಆ ಜನ ಆ ಚಳೀಲಿ ಸಂಬಳ ಬಿಟ್ಟು ಕೂತಿದ್ದರ ಫಲ. ನಮ್ಮ ಇಎಸ್ಐ ನಿಂತಿರೋದು ಅವರು 1957ರ ಆಸುಪಾಸಲ್ಲಿ ಇದ್ದ ಜಾಗದಲ್ಲಿ. ದಾರಿ ಅದೇ, ನಾವು ನಡುವೆ ಕೂತುಬಿಟ್ಟಿದೀವಿ.

ಟೆಕ್ನಾಲಜಿ ವಿಷಯಕ್ಕೆ ಬಂದ್ರೆ ಮಾತ್ರ ನಾನು ಎದೆ ತಟ್ಟಿ ಹೇಳ್ತೀನಿ, ನಮ್ಮೂರೇ ಮುಂದೆ. ಅಲ್ಲಿ ಇವತ್ತಿಗೂ ಎಷ್ಟೋ ಬೇಕರಿ ಮುಂದೆ ಕ್ಯಾಶ್ ಮಾತ್ರ ಅಂತ ಬೋರ್ಡ್ ಇರುತ್ತೆ, ಸರ್ಕಾರಿ ಕಚೇರಿಯಿಂದ ಬರೋದೆಲ್ಲ ಪೋಸ್ಟಲ್ಲಿ, ಚರ್ಮದ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಕು ಅಂದ್ರೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯ್ಬೇಕು, ಎಂಆರ್‌ಐಗೆ ಇನ್ನೊಂದು ಕ್ಯೂ. ಅವ್ವನಿಗೆ ಮೈಸೂರಲ್ಲಿ ಬೆಳಗ್ಗೆ ಮನೆಗೇ ಬಂದು ರಕ್ತ ತಗೊಂಡು ಹೋದ್ರು, ಮಧ್ಯಾಹ್ನ ಊಟಕ್ಕೆ ಕೂರೋ ಹೊತ್ತಿಗೆ ರಿಪೋರ್ಟ್ ವಾಟ್ಸಾಪ್‌ಗೆ ಬಂತು, ಸಂಜೆ ಹಾರ್ಟ್ ಡಾಕ್ಟರ್ ನೋಡಿದ್ರು. ಸ್ಟುಟ್‌ಗಾರ್ಟಲ್ಲಿ ಈ ಮಾತು ಹೇಳಿದ್ರೆ ನಂಬಲ್ಲ. ಎಳನೀರು ಮಾರೋ ಅಜ್ಜನ ಸೈಕಲ್ ಮೇಲೂ ಕ್ಯೂಆರ್ ಕೋಡ್ ಇದೆ, ಕುಡಿದು ಸ್ಕ್ಯಾನ್ ಮಾಡೋಕೆ ಮುಂಚೆ ಇನ್ನೊಬ್ಬರ ದುಡ್ಡು ಬಂತು ಅಂತ ಡಬ್ಬಿ ಕೂಗುತ್ತೆ.

ಇಷ್ಟೆಲ್ಲ ಇಟ್ಕೊಂಡು ನಾವು ಮಾಡ್ತಿರೋದೇನು. ನಮ್ಮಕ್ಕನ ಮಗಳು ಮೈಸೂರಲ್ಲಿ ಒಂದು ಕಂಪನೀಲಿ ಕಸ್ಟಮರ್ ಸಪೋರ್ಟ್ ಕೆಲಸದಲ್ಲಿದಾಳೆ, ಡೆಂಗಿ ಶಂಕೆ ಅಂತ ಆಸ್ಪತ್ರೇಲಿ ಡ್ರಿಪ್ ಹಾಕಿದಾಗ ಮೊದಲು ಮಾಡಿದ ಕೆಲಸ ಏನು ಗೊತ್ತಾ, ಸೂಜಿ ಚುಚ್ಚಿರೋ ಕೈಯ ಫೋಟೋ ತೆಗೆದು ಟೀಮ್ ಗ್ರೂಪಿಗೆ ಹಾಕಿದ್ದು. ಯಾಕಮ್ಮ ಅಂದ್ರೆ, ಮಾಮ, ಪ್ರೂಫ್ ಇಲ್ದೆ ಹೇಳಿದ್ರೆ ನಂಬಲ್ಲ, ಎಲ್ಲರೂ ಹಿಂಗೇ ಹಾಕೋದು ಅಂದ್ಲು. ಫೋಟೋ ಕೆಳಗೆ ಗೆಟ್ ವೆಲ್ ಸೂನ್ ಅಂತ ನಾಲ್ಕು ಹೂವು ಬಂತು, ಅದರ ಕೆಳಗೇ ನಾಳೆ ಲಾಗಿನ್ ಆಗ್ತೀಯಾ ಅಂತ ಪ್ರಶ್ನೆ ಬಂತು. ಇಪ್ಪತ್ತಮೂರು ವರ್ಷದ ಮಗು ತನ್ನ ಕಾಯಿಲೆನ ಹೀಗೆ ಸಾಬೀತು ಮಾಡ್ಬೇಕಾ. ನನಗೆ ಆವತ್ತು ತುಂಬಾ ನೋವಾಯ್ತು, ಈಗಲೂ ಬರೀವಾಗ ಕೋಪ ಬರುತ್ತೆ. ಅದೇ ಫೋನು, ಅದೇ ನೆಟ್‌ವರ್ಕು, ಡಾಕ್ಟರ್ ಕಡೆಯಿಂದ ಒಂದು ಚೀಟಿ ಹೋಗೋ ವ್ಯವಸ್ಥೆ ಇದ್ದಿದ್ರೆ ಆ ಫೋಟೋ ಬೇಕಾಗ್ತಾ ಇರ್ಲಿಲ್ಲ.

ಅವಳ ಕಂಪನಿಗೆ ಅನ್ವಯ ಆಗೋ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಅದರಲ್ಲಿ ವರ್ಷಕ್ಕೆ 12 ದಿನದ ತನಕ ಕಾಯಿಲೆ ರಜೆ ಸಂಬಳ ಸಮೇತ ಅಂತ ಬರೆದಿದೆ. ಹೌದು, ಬಟ್ಟೆ ಅಂಗಡಿ ಹುಡುಗಿಗೂ, ಮೊಬೈಲ್ ಅಂಗಡಿ ಹುಡುಗನಿಗೂ ಇದೆ. ಮಂಡ್ಯದ ಪೇಟೇಲಿ, ಮೈಸೂರಿನ ದೇವರಾಜ ಅರಸು ರಸ್ತೇಲಿ ಸುಮ್ನೆ ನಾಲ್ಕು ಅಂಗಡಿ ಕೆಲಸದೋರನ್ನ ಕೇಳಿ ನೋಡಿ, ಈ 12 ದಿನದ ಸುದ್ದಿ ಕೇಳಿದೀರಾ ಅಂತ. ನಾನು ಕೇಳಿದೋರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಒಬ್ಬ ಹುಡುಗ ಅಣ್ಣಾ ಮೆಲ್ಲಗೆ ಮಾತಾಡಿ ಓನರ್ ಇದಾರೆ ಅಂದ. ಫ್ಯಾಕ್ಟರಿ ಕೆಲಸದೋರ ಪರಿಸ್ಥಿತಿ ಇನ್ನೂ ಕಡೆ, ಇಪ್ಪತ್ತು ದಿನ ದುಡಿದ್ರೆ ಒಂದು ದಿನದ ಗಳಿಕೆ ರಜೆ ಅಂತ ಇದೆ, ಕಾಯಿಲೆಗೇ ಅಂತ ಬೇರೆ ರಜೆ ಇಲ್ಲ, ಅದನ್ನ ಇಎಸ್ಐಗೆ ಬಿಟ್ಟಿದಾರೆ, ಇಎಸ್ಐ ಮೊದಲ ಎರಡು ದಿನ ಬಿಟ್ಟಿದೆ.

ಇದರ ಮಧ್ಯೆ ನಮ್ಮಲ್ಲಿ ಚರ್ಚೆ ಆಗೋದು ಇನ್ನೂ ಎಷ್ಟು ಜಾಸ್ತಿ ಹೊತ್ತು ದುಡಿಸಬಹುದು ಅಂತ. 2023ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ತಿದ್ದಿ ಫ್ಯಾಕ್ಟರೀಲಿ ವಾರದ 48 ಗಂಟೆ ಮಿತಿಯೊಳಗೆ ದಿನಕ್ಕೆ 12 ಗಂಟೆ ತನಕ ಕೆಲಸಕ್ಕೆ ದಾರಿ ಮಾಡ್ತು. ಅದೇ ವರ್ಷ ಅಕ್ಟೋಬರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು. ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿ ಮೇಲೆ ಬಂದು ನಮ್ಮ ಎಷ್ಟೋ ಹುಡುಗರಿಗೆ ಕೆಲಸ ಕೊಟ್ಟೋರು, ಅವರ ಮೇಲೆ ನನಗೆ ಗೌರವ ಇದೆ, ಈ ಮಾತನ್ನ ಮಾತ್ರ ನಾನು ಪೂರ್ತಿ ವಿರೋಧಿಸ್ತೀನಿ. ನಾನಿರೋ ದೇಶದಲ್ಲಿ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ಹೆಚ್ಚಂದ್ರೆ 10, ಇವತ್ತು ಕೆಲಸ ಮುಗಿಸಿದ ಹೊತ್ತಿಗೂ ನಾಳೆ ಶುರು ಮಾಡೋ ಹೊತ್ತಿಗೂ ನಡುವೆ 11 ಗಂಟೆ ಬಿಡುವು ಇರ್ಲೇಬೇಕು ಅಂತ ಕಾನೂನು. ಕಾರು, ಮಿಷನ್ನು, ಔಷಧಿ ಎಲ್ಲ ಮಾಡಿ ಜಗತ್ತಿಗೇ ಮಾರ್ತಿರೋದು ಆ ಜನನೇ.

ಹೊಲ ಗದ್ದೇಲಿ ದುಡಿಯೋರ ಕಥೆ ಬೇರೆ, ಅವರಿಗೆ ಮಾಲೀಕನೂ ಇಲ್ಲ ಚೀಟಿ ಕೊಡೋಕೆ. ನಮ್ಮಲ್ಲಿ ವಿ.ಸಿ. ನಾಲೆ ನೀರು ಸರದಿ ಪ್ರಕಾರ ಬರುತ್ತೆ, ರಾತ್ರಿ ಎರಡು ಗಂಟೆಗೆ ಬಂದ್ರೆ ಜ್ವರ ಇದ್ರೂ ಗುದ್ದಲಿ ಹಿಡ್ಕೊಂಡು ಗದ್ದೆಗೆ ಹೋಗ್ಲೇಬೇಕು. ಕಬ್ಬು ಕಡಿಯೋರು, ಆಲೆಮನೇಲಿ ಕೊಪ್ಪರಿಗೆ ಮುಂದೆ ಬೇಯೋರು, ದಿನಗೂಲಿ, ಮಲಗಿದ ದಿನ ಒಲೆ ಹತ್ತಲ್ಲ. ಹಸು ಸಾಕಿರೋ ಹೆಂಗಸರಂತೂ ಮೈ ಸುಡ್ತಿದ್ರೂ ಬೆಳಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕ್ಬೇಕು, ಕೆಚ್ಚಲಲ್ಲಿ ಹಾಲು ಬಿಟ್ರೆ ಕೆಚ್ಚಲು ಬಾವು ಬರುತ್ತೆ, ಹಸು ಹೋದ್ರೆ ಸಂಸಾರವೇ ಹೋಯ್ತು. ಇದಕ್ಕೂ ಜರ್ಮನಿಲಿ ದಾರಿ ಇದೆ ಅಂತ ಗೊತ್ತಾದಾಗ ನಾನು ಬೆರಗಾದೆ. ಅಲ್ಲಿ ರೈತರಿಗೇ ಅಂತ ಪ್ರತ್ಯೇಕ ವಿಮೆ ಸಂಸ್ಥೆ ಇದೆ, ರೈತ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ರೆ ಅವನ ಬದಲು ಹಾಲು ಕರೆಯೋಕೆ, ಕೊಟ್ಟಿಗೆ ನೋಡ್ಕೊಳ್ಳೋಕೆ ಕೆಲಸ ಗೊತ್ತಿರೋ ಒಬ್ಬ ಆಳನ್ನ ಕಳಿಸ್ತಾರೆ, ಖರ್ಚಿನ ಬಹುಪಾಲು ವಿಮೆಯೋರದ್ದು. ನಮ್ಮ ಜಿಲ್ಲೇಲಿ ಹಳ್ಳಿ ಹಳ್ಳೀಲೂ ಹಾಲಿನ ಸೊಸೈಟಿ ಇದೆ, ಗೆಜ್ಜಲಗೆರೇಲಿ ಒಕ್ಕೂಟ ಇದೆ, ಯಾರ ಮನೇಲಿ ಎಷ್ಟು ಹಸು ಎಷ್ಟು ಹಾಲು ಅಂತ ದಿನದ ಲೆಕ್ಕ ಕಂಪ್ಯೂಟರಲ್ಲಿದೆ. ಲೀಟರಿಗೆ ಒಂದಿಷ್ಟು ಪೈಸೆ ಎತ್ತಿಟ್ಟು, ನಾಲ್ಕೈದು ಹಳ್ಳಿಗೆ ಒಬ್ಬ ಹುಡುಗ ಅಥವಾ ಹುಡುಗಿಗೆ ತರಬೇತಿ ಕೊಟ್ಟು, ಹುಷಾರಿಲ್ದೋರ ಮನೆಗೆ ಕಳಿಸೋದು ಯಾಕಾಗಬಾರದು. ನಮ್ಮ ಹೈಕಳಿಗೆ ಊರಲ್ಲೇ ಒಂದು ಕೆಲಸನೂ ಆಗುತ್ತೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಸಹಕಾರಿಗಳಿಗೆ ಯಶಸ್ವಿನಿ ಮತ್ತೆ ಶುರುವಾಗಿದೆ. ಆಪರೇಷನ್‌ಗೆ, ಆಸ್ಪತ್ರೆ ಮಂಚಕ್ಕೆ ಸ್ಕೀಮ್ ಇದೆ. ಆಪರೇಷನ್ ಆಗಿ ಮನೆಗೆ ಬಂದು ಒಂದೂವರೆ ತಿಂಗಳು ಭಾರ ಎತ್ತಬೇಡಿ ಅಂತಾರಲ್ಲ, ಆ ಒಂದೂವರೆ ತಿಂಗಳಿಗೆ ಇಎಸ್ಐ ಇಲ್ದೋರಿಗೆ ಯಾವ ಸ್ಕೀಮೂ ಇಲ್ಲ. ಅದಕ್ಕೇ ಜನ ಮೂರನೇ ವಾರಕ್ಕೇ ಮೂಟೆ ಎತ್ತೋದು, ಹೊಲಿಗೆ ಬಿಚ್ಚಿಕೊಂಡು ಮತ್ತೆ ಬರೋದು. 2025ರಲ್ಲಿ ಎರಡು ಒಳ್ಳೆ ಕೆಲಸ ಆದ್ವು. ಡೆಲಿವರಿ ಹುಡುಗ್ರು, ಕ್ಯಾಬ್ ಡ್ರೈವರ್‌ಗಳ ಕಲ್ಯಾಣಕ್ಕೆ ಕಾಯ್ದೆ ಬಂತು, ಆ್ಯಪ್ ಕಂಪನಿಗಳ ಕೈಲಿ ಶೇಕಡ 1ರಿಂದ 5ರ ತನಕ ಕಟ್ಟಿಸ್ಕೊಳ್ಳೋ ಅಧಿಕಾರ ಇದೆ. ಅಕ್ಟೋಬರಲ್ಲಿ ಹೆಣ್ಮಕ್ಕಳಿಗೆ ತಿಂಗಳಿಗೊಂದು ದಿನ ಮುಟ್ಟಿನ ರಜೆ ಸಂಬಳ ಸಮೇತ, ಖಾಸಗಿ ಕಂಪನೀಲೂ, ಅಂತ ಕ್ಯಾಬಿನೆಟ್ ಒಪ್ತು. ಮೈ ಸರಿ ಇಲ್ದಾಗ ಮಲಗೋದು ಹಕ್ಕು ಅನ್ನೋ ಮಾತನ್ನ ಸರ್ಕಾರವೇ ಒಪ್ಪಿದ ಹಾಗಾಯ್ತು, ಇನ್ನು ಜ್ವರಕ್ಕೆ ಯಾಕೆ ಬೇಡ.

ಮಾಡೋಕೆ ಆಗಲ್ಲ ಅನ್ನೋ ಮಾತನ್ನಂತೂ ಕರ್ನಾಟಕದೋರು ಆಡಬಾರದು. ಭೂಮಿ ಯೋಜನೇಲಿ 2001ರ ಸುಮಾರಿಗೇ 67 ಲಕ್ಷ ರೈತರ ಹತ್ತತ್ರ 2 ಕೋಟಿ ಪಹಣಿನ ಕಂಪ್ಯೂಟರಿಗೆ ಹಾಕಿದ ರಾಜ್ಯ ಇದು, ಶ್ಯಾನುಭೋಗರ ಕಾಲದ ಪುಸ್ತಕದಿಂದ ಬಿಡಿಸಿಕೊಂಡು. ಮೈಸೂರಲ್ಲೇ 2023ರ ಆಗಸ್ಟಲ್ಲಿ ಶುರುವಾದ ಗೃಹಲಕ್ಷ್ಮೀಲಿ ಒಂದು ಕೋಟಿಗೂ ಹೆಚ್ಚು ಹೆಂಗಸರ ಖಾತೆಗೆ ದುಡ್ಡು ಹಾಕ್ತಿದಾರೆ, ಕಂತು ತಡ ಆಗುತ್ತೆ ಅನ್ನೋ ದೂರು ಇದೆ, ಇದ್ರೂ ದುಡ್ಡು ಹೋಗೋ ದಾರಿ ಸಿದ್ಧ ಇದೆ. ಡಾಕ್ಟರ್ ಚೀಟಿ ಒಂದು ಕಡೆಯಿಂದ ಬಂದು ಕೂಲಿ ದುಡ್ಡು ಇನ್ನೊಂದು ಕಡೆಯಿಂದ ಖಾತೆಗೆ ಬೀಳೋದಕ್ಕೆ ಹೊಸದಾಗಿ ಏನೂ ಕಂಡುಹಿಡೀಬೇಕಾಗಿಲ್ಲ.

ಎಲ್ಲರೂ ಸುಳ್ಳು ಹೇಳಿ ರಜೆ ಹಾಕ್ತಾರೆ ಅನ್ನೋದು ಇನ್ನೊಂದು ವಾದ. ಜರ್ಮನಿಲೂ ಈ ಜಗಳ ನಡೀತಾನೇ ಇದೆ, 2025ರ ಜನವರೀಲಿ ಅಲ್ಲಿನ ಒಂದು ದೊಡ್ಡ ಇನ್ಶೂರೆನ್ಸ್ ಕಂಪನಿಯ ಮುಖ್ಯಸ್ಥರು ಜನ ವಿಪರೀತ ರಜೆ ಹಾಕ್ತಿದಾರೆ, ಮೊದಲ ದಿನದ ಸಂಬಳ ಮತ್ತೆ ನಿಲ್ಸಿ ಅಂದ್ರು, ಕಾರ್ಮಿಕ ಸಂಘದೋರು ಮೇಲೆ ಬಿದ್ರು. ಸುಳ್ಳು ಹೇಳೋರು ಅಲ್ಲೂ ಇದಾರೆ, ಇಲ್ಲೂ ಇರ್ತಾರೆ. ನನ್ನ ಜೊತೆ ಕೆಲಸ ಮಾಡೋರಲ್ಲಿ ನಾನು ಕಂಡಿರೋದು ಮಾತ್ರ ಬೇರೆ, ಹುಷಾರಿಲ್ದೆ ಮನೇಲಿದ್ದೋರು ಪೂರ್ತಿ ಹುಷಾರಾಗಿ ಬರ್ತಾರೆ, ಕೆಮ್ಮುತ್ತಾ ಬಂದು ನಾಲ್ಕು ಜನಕ್ಕೆ ಅಂಟಿಸಲ್ಲ. ಕೆಮ್ಮುತ್ತಾ ಆಫೀಸಿಗೆ ಬಂದ್ರೆ ಅಲ್ಲಿ ಬಾಸೇ ಬಂದು ಮನೆಗೆ ಹೋಗಿ ಅಂತಾರೆ. ಹತ್ತು ಜನ ಸುಳ್ಳು ಹೇಳ್ತಾರೆ ಅಂತ ತೊಂಬತ್ತು ಜನರನ್ನ ಜ್ವರದಲ್ಲಿ ಮಿಷನ್ ತುಳಿಸೋದು ನ್ಯಾಯ ಅಲ್ಲ.

ನಿಜವಾಗ್ಲೂ ಕಷ್ಟದ ಪ್ರಶ್ನೆ ಕೇಳಿದ್ದು ನಮ್ಮ ಭಾವ. ಅವರದ್ದು ಮಂಡ್ಯದ ಹೊರಗೆ ಒಂದು ಸಣ್ಣ ವೆಲ್ಡಿಂಗ್ ಶಾಪು, ಗೇಟು ಕಿಟಕಿ ಗ್ರಿಲ್ಲು ಮಾಡ್ತಾರೆ, ಐದಾರು ಹುಡುಗ್ರಿದಾರೆ. "ಕೊಡಾಕೆ ನಂಗೂ ಆಸೆನೇ ಕಣಪ್ಪ. ಆದ್ರೆ ಇಬ್ರು ಒಟ್ಟಿಗೆ ಮಲಿಕ್ಕೊಂಡ್ರೆ ಕೆಲ್ಸವೂ ನಿಲ್ತದೆ, ಕೂಲಿನೂ ನಾನೇ ಕೊಡ್ಬೇಕು, ದೊಡ್ಡ ಕಂಪ್ನಿಯೋರು ತಡ್ಕೊತಾರೆ, ನಾನೆಲ್ಲಿಂದ ತರ್ಲಿ?" ಅಂದ್ರು. ಇದಕ್ಕೆ ಅಲ್ಲಿ ಒಂದು ವ್ಯವಸ್ಥೆ ಇದೆ. 30 ಜನದ ತನಕ ಇರೋ ಸಣ್ಣ ಕಂಪನಿಗಳೆಲ್ಲ ಪ್ರತಿ ತಿಂಗಳು ಸಂಬಳದ ಸಣ್ಣ ಪಾಲು ಒಂದು ನಿಧಿಗೆ ಕಟ್ತಾರೆ, ಕೆಲಸದೋರು ಕಾಯಿಲೆ ಬಿದ್ದಾಗ ಕೊಟ್ಟ ಸಂಬಳದಲ್ಲಿ ಶೇಕಡ 40ರಿಂದ 80ರಷ್ಟು ಆ ನಿಧಿಯಿಂದ ಮಾಲೀಕನಿಗೆ ವಾಪಸ್ ಬರುತ್ತೆ, ಎಷ್ಟು ಬೇಕು ಅಂತ ಮೊದಲೇ ಆರಿಸಿಕೊಂಡು ಅದಕ್ಕೆ ತಕ್ಕ ಹಾಗೆ ಕಟ್ಟಬಹುದು. ಹಂಗಿದ್ರೆ ಕಟ್ಟಾಕೆ ನಾನು ರೆಡಿ, ವಾಪಸ್ ಬರೋದಕ್ಕೆ ವರ್ಷ ಅಲಿಸ್ಬಾರ್ದು ಅಂದ್ರು ಭಾವ. ಅವರ ಅನುಮಾನ ನ್ಯಾಯವಾದದ್ದೇ. ನಮ್ಮಲ್ಲಿ 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೇಲಿ ಸರ್ಕಾರಿ ಸೇವೆಯ ಅರ್ಜಿಗೆ ಗಡುವು ಇದೆ, ತಡ ಮಾಡಿದ್ರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಅರ್ಜಿದಾರರಿಗೆ ಪರಿಹಾರ ಅಂತ ಇದೆ. ಈ ನಿಧಿನ ಹುಟ್ಟಿದ ದಿನವೇ ಸಕಾಲದ ಪಟ್ಟಿಗೆ ಸೇರಿಸ್ಲಿ, ಹದಿನೈದು ದಿನದ ಗಡುವು ಹಾಕ್ಲಿ, ಪರಿಹಾರದ ಮೊತ್ತನೂ ಇವತ್ತಿನ ಕೂಲಿಗೆ ತಕ್ಕ ಹಾಗೆ ಏರಿಸ್ಲಿ.

ಇಎಸ್ಐ ಕೇಂದ್ರದ್ದು, ಆ ಎರಡು ದಿನದ ಷರತ್ತು ತೆಗೆಯೋ ಮಾತನ್ನ ಸಂಸತ್ತಲ್ಲಿ ಎತ್ತಬೇಕಾದೋರು ಮಂಡ್ಯ ಮೈಸೂರಿನ ಎಂಪಿಗಳು. ಅಂಗಡಿ ಕಾಯ್ದೆ ರಾಜ್ಯದ್ದೇ, ಆ 12 ದಿನದ ರಜೆ ವಿಷಯನ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಪ್ರತಿ ಅಂಗಡಿ ಗೋಡೆಗೂ ಹಾಕಿಸೋಕೆ ಕಾರ್ಮಿಕ ಇಲಾಖೆಗೆ ಯಾರ ಅಪ್ಪಣೆನೂ ಬೇಡ, ಮುಂದಿನ ತಿಂಗಳೇ ಶುರು ಮಾಡಬಹುದು.